ಮುಸ್ತಫಾ ಮುಖದ ಮೇಲಿನ ಪಟ್ಟೆಗಳು: ಹಳೆಯ ವಿಡಿಯೋ ಗೇಮ್ ಬೋರ್ಡ್ ರಿಪೇರಿಯ ಅನುಭವ

ಕ್ಯಾಪ್‌ಕಾಮ್ ಸಂಸ್ಥೆ 1993ರಲ್ಲಿ ಹೊರತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಆಟವನ್ನು ಆ ಹೆಸರಿನಿಂದ ಗುರುತಿಸುವವರು ನಮ್ಮ ಕಡೆ ಕಡಿಮೆ. ಅದರ ಒಂದು ಪಾತ್ರದ ಹೆಸರು ಹಿಡಿದು ಮುಸ್ತಫಾ ಗೇಮ್ ಎಂದರೆ ಸಾಕು, ನಲವತ್ತು ದಾಟಿದ ಯಾರಾದರೂ ಕತ್ತೆತ್ತಿ ನೋಡುತ್ತಾರೆ. ನನ್ನ ಸೋದರಮಾವ ತುಮಕೂರಿನ ಗುಬ್ಬಿ ಗೇಟ್ ಬಳಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದಾಗ ಅತಿ ಹೆಚ್ಚು ಕಾಸು ದುಡಿದದ್ದು ಇದೇ ಆಟ. ಅಂಗಡಿ ಮುಚ್ಚಿದ ಮೇಲೆ ಮರದ ಪೆಟ್ಟಿಗೆಗಳು, ಟಿವಿಗಳು ಎಲ್ಲವೂ ಹೋದವು. ಆಟದ ಚಿಪ್ಪುಗಳೆಲ್ಲ ಕುಳಿತಿರುವ ಸರ್ಕಿಟ್ ಬೋರ್ಡ್ ಒಂದು ಮಾತ್ರ ಅವರ ಮನೆಯ ತಾರಸಿ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಉಳಿದಿತ್ತು. ಈ ವರ್ಷ ಮನೆ ಕೆಡವಿ ಕಟ್ಟಿಸುವಾಗ ಅದು ಗುಜರಿ ಚೀಲ ಸೇರುವುದರಲ್ಲಿತ್ತು. ಮಾವನನ್ನು ಕೇಳಿ ತೆಗೆದುಕೊಂಡು ಬಂದೆ. “ಅದು ಸತ್ತು ಎಷ್ಟೋ ಕಾಲವಾಯಿತು, ಸುಮ್ಮನೆ ದುಡ್ಡು ಹಾಕಬೇಡ” ಎಂದರು. ಈಗ ಅದು ಓಡುತ್ತಿದೆ. ಇಂಥ ಬೋರ್ಡುಗಳು ನಮ್ಮ ಜಿಲ್ಲೆಗಳ ಅಟ್ಟಗಳಲ್ಲಿ ಇನ್ನೂ ಇವೆ ಎಂಬ ನಂಬಿಕೆ ನನಗಿದೆ. ಚಿನ್ನದ ಲೇಪನದ ಆಸೆಗೆ ಅವು ಕೆ.ಜಿ. ಲೆಕ್ಕದಲ್ಲಿ ಹೋಗುವ ಮೊದಲು ಯಾರಾದರೂ ಕೈಗೆತ್ತಿಕೊಳ್ಳಲಿ ಎಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ಬೋರ್ಡಿನ ಕುಲ ತಿಳಿಯಬೇಕು. ಕ್ಯಾಪ್‌ಕಾಮ್‌ನ ಅಸಲಿ ಬೋರ್ಡ್ ಒಂದರ ಮೇಲೊಂದು ಜೋಡಿಸಿದ ಹಲಗೆಗಳಾಗಿ ಬರುತ್ತದೆ, ಅದರಲ್ಲಿ ಬ್ಯಾಟರಿ ಇರುತ್ತದೆ. ಗೂಢಲಿಪಿಯಲ್ಲಿ ಬರೆದ ಪ್ರೋಗ್ರಾಂ ಬಿಡಿಸಿ ಓದಲು ಬೇಕಾದ ಕೀಲಿಗಳು ಆ ಬ್ಯಾಟರಿಯ ಬಲದಲ್ಲೇ ಉಳಿದಿರುತ್ತವೆ. ಅದು ಬರಿದಾದರೆ ಆಟವೂ ನಿಲ್ಲುತ್ತದೆ. ಅಸಲಿ ಬೋರ್ಡ್ ಸಿಕ್ಕಿದವರು ಆ ಬ್ಯಾಟರಿಯನ್ನು ಆತುರದಲ್ಲಿ ಕೀಳಬಾರದು. ಮಾವನ ಬೋರ್ಡ್ ನಕಲಿ. ನಮ್ಮ ಅಂಗಡಿಗಳಲ್ಲಿ ಓಡುತ್ತಿದ್ದವುಗಳಲ್ಲಿ ನಕಲಿಗಳೇ ಬಹಳ. ನಕಲಿ ಎಂದು ತಾತ್ಸಾರ ಮಾಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅದರಲ್ಲಿ ಬ್ಯಾಟರಿಯ ಕಾಟವಿಲ್ಲ, ಚಿತ್ರಗಳೆಲ್ಲ ಸಾಕೆಟ್ಟಿನಲ್ಲಿ ಕುಳಿತ ಸಾಮಾನ್ಯ ಇಪಿರೋಮ್ ಚಿಪ್ಪುಗಳಲ್ಲಿ, ಅಂದರೆ ಅಳಿಸಿ ಮತ್ತೆ ಬರೆಯಬಹುದಾದ ನೆನಪಿನ ಚಿಪ್ಪುಗಳಲ್ಲಿರುತ್ತವೆ, ಕೈಯಿಂದ ರಿಪೇರಿ ಮಾಡುವವನಿಗೆ ಅದು ದೊಡ್ಡ ಅನುಕೂಲ.

ಬೋರ್ಡಿಗೆ ಜೀವ ಕೊಡಲು ಜಾಮಾ ಎಂಬ ಮಾನದಂಡದ ಕನೆಕ್ಟರ್ ಬೇಕು. ಒಂದೊಂದು ಬದಿಗೆ 28ರಂತೆ 56 ಸಂಪರ್ಕಗಳು. ಮೊದಲ ಎರಡು ಜೋಡಿ ಗ್ರೌಂಡ್, ನಂತರದ ಎರಡು ಜೋಡಿ 5 ವೋಲ್ಟ್, ಆರನೆಯದು 12 ವೋಲ್ಟ್. ಏಳನೆಯ ಜಾಗದಲ್ಲಿ ತಿರುಗುಮುರುಗಾಗದಂತೆ ತಡೆಯುವ ಕೀಲಿ ಇರಬೇಕು. ನನ್ನ ಬೋರ್ಡಿನ ಅಂಚಿನಲ್ಲಿ ಆ ಕೀಲಿ ಕೂರುವ ಸೀಳನ್ನು ಕತ್ತರಿಸಿಯೇ ಇರಲಿಲ್ಲ. ಹಾಗಾಗಿ ಬಿಡಿಭಾಗಗಳು ಕಾಣುವ ಬದಿ ಯಾವುದು ಎಂದು ಕನೆಕ್ಟರಿನ ಮೇಲೆ ಮಾರ್ಕರಿನಿಂದ ಬರೆದುಕೊಂಡೆ. ತಿರುಗಿಸಿ ಹಾಕಿದರೆ ಇಡೀ ಬೋರ್ಡ್ ಕ್ಷಣದಲ್ಲಿ ಹೋಗಬಹುದು.

ಚಿತ್ರ ನೋಡಲು ಪರದೆಯ ಸಮಸ್ಯೆ ಬೇರೆ. ಈ ಬೋರ್ಡುಗಳು ಕೊಡುವುದು ಸುಮಾರು 15 ಕಿಲೋಹರ್ಟ್ಸ್‌ನ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಸಂಕೇತ. ಕಂಪ್ಯೂಟರ್ ಮಾನಿಟರ್‌ಗಳು ಬಹುಪಾಲು ಸುಮಾರು 31ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಜಿಬಿಎಸ್-8200 ಎಂಬ ಪರಿವರ್ತಕ ತರಿಸಿದೆ, ಸುಮಾರು ಒಂದೂವರೆ ಸಾವಿರ ರೂಪಾಯಿ ಆಯಿತು. ಜಾಮಾದಿಂದ ಬರುವ ಬಣ್ಣದ ಸಂಕೇತ ಜೋರಾಗಿರುತ್ತದೆ, ಆದ್ದರಿಂದ ಪ್ರತಿ ಬಣ್ಣದ ತಂತಿಗೂ ರೆಸಿಸ್ಟರ್ ಹಾಕಿ, ಪರಿವರ್ತಕದ ಮೇಲಿನ ಪುಟ್ಟ ತಿರುಪುಗಳಿಂದ ತಗ್ಗಿಸಬೇಕು. ಈ ಪರಿವರ್ತಕಗಳು ತಮ್ಮದೇ ಒಂದಿಷ್ಟು ನಡುಕ, ಮಿನುಗು ಸೇರಿಸುತ್ತವೆ ಎಂಬುದನ್ನೂ ನೆನಪಿಡಿ. ಬೋರ್ಡಿನ ರೋಗಕ್ಕೂ ಪರಿವರ್ತಕದ ರೋಗಕ್ಕೂ ವ್ಯತ್ಯಾಸ ತಿಳಿಯಲು ನಾನು ಒಬ್ಬ ಗೆಳೆಯನ ಚೆನ್ನಾಗಿ ಓಡುವ ಬೇರೆ ಆಟದ ಬೋರ್ಡನ್ನು ಅದೇ ತಂತಿಗಳಿಗೆ ಹಾಕಿ ನೋಡಿದೆ. ಚಿತ್ರ ಶುದ್ಧವಾಗಿತ್ತು. ಅಲ್ಲಿಗೆ ಪರದೆಯ ಮೇಲಿನ ಅನುಮಾನ ತೀರಿತು.

ಮೊದಲ ಸಲ ಸ್ವಿಚ್ ಹಾಕಿದಾಗ ಪರದೆ ತುಂಬ ಅಕ್ಷರಗಳ ಕಸ, ಮತ್ತೆ ಕಪ್ಪು, ಮತ್ತೆ ಕಸ. ಬೋರ್ಡ್ ತಾನಾಗಿ ಮರುಪ್ರಾರಂಭವಾಗುತ್ತಲೇ ಇತ್ತು. ಪವರ್ ಸಪ್ಲೈ ತುದಿಯಲ್ಲಿ ಅಳೆದರೆ 5 ವೋಲ್ಟ್ ಸರಿಯಾಗಿದೆ. ಬೋರ್ಡಿನ ಮೇಲೆ, ದೂರದ ಮೂಲೆಯ ಚಿಪ್ಪಿನ ಕಾಲಿನಲ್ಲಿ ಅಳೆದರೆ 4.6. ಟಿಟಿಎಲ್ ಎಂಬ ಹಳೆಯ ಬಗೆಯ ಚಿಪ್ಪುಗಳಿಗೆ 4.75ರಿಂದ 5.25ರ ಒಳಗೇ ಇರಬೇಕು. ಅಂಚಿನ ಸಂಪರ್ಕ ಪಟ್ಟಿಗಳ ಮೇಲಿನ ಕಪ್ಪನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ. 5 ವೋಲ್ಟಿಗೂ ಗ್ರೌಂಡಿಗೂ ದಪ್ಪ ತಂತಿ ಹಾಕಿದೆ. ಸಪ್ಲೈನ ತಿರುಪನ್ನು ಬೋರ್ಡಿನ ಮೇಲೆ 5.05 ಬರುವಂತೆ ಕೂಡಿಸಿದೆ. ಮರುಪ್ರಾರಂಭ ನಿಂತಿತು, ಆಟ ಶುರುವಾಯಿತು, ಸದ್ದೂ ಬಂತು. ಚಿತ್ರ ಕೆಟ್ಟಿದೆ ಎನ್ನುವ ಮೊದಲು ವೋಲ್ಟೇಜನ್ನು ಬೋರ್ಡಿನ ಮೇಲೆಯೇ ಅಳೆಯಿರಿ, ಸಪ್ಲೈ ಪೆಟ್ಟಿಗೆಯ ಬಾಯಲ್ಲಿ ಅಲ್ಲ.

ಈಗ ನಿಜವಾದ ಕಾಯಿಲೆ ಕಂಡಿತು. ಪಾತ್ರ ಆರಿಸುವ ಪರದೆಯಲ್ಲಿ ಮುಸ್ತಫಾ ಮುಖದ ಮೇಲೆ ಉದ್ದುದ್ದ ಪಟ್ಟೆಗಳು. ಒಂದು ಪಟ್ಟೆಯಲ್ಲಿ ಬಣ್ಣ ಸರಿ, ಪಕ್ಕದ ಪಟ್ಟೆಯಲ್ಲಿ ಚರ್ಮದ ಬಣ್ಣದ ನಡುವೆ ಬೇರೆ ಬಣ್ಣದ ಚುಕ್ಕೆಗಳು, ಮತ್ತೆ ಸರಿ, ಮತ್ತೆ ಚುಕ್ಕೆ. ಆಟದೊಳಗೆ ಡೈನೋಸಾರ್, ಕಾರು, ರಸ್ತೆ ಎಲ್ಲಕ್ಕೂ ಇದೇ ಗತಿ.

ಇಲ್ಲಿ ಬೆಸುಗೆ ಕಡ್ಡಿ ಬಿಸಿ ಮಾಡದೆ ಕುಳಿತು ನೋಡಿದ್ದೇ ನನಗೆ ಅತಿ ಹೆಚ್ಚು ನೆರವಾಯಿತು. ಮುಸ್ತಫಾನನ್ನು ಎಡಕ್ಕೆ ಬಲಕ್ಕೆ ನಡೆಸಿದೆ. ಪಟ್ಟೆಗಳು ಅವನ ಜೊತೆಯಲ್ಲೇ ನಡೆದವು. ಹಿನ್ನೆಲೆ ಸರಿದಾಗ ಹಿನ್ನೆಲೆಯ ಪಟ್ಟೆಗಳು ಅದರ ಜೊತೆ ಸರಿದವು. ಪಟ್ಟೆ ಪರದೆಗೆ ಅಂಟಿಕೊಂಡು ನಿಂತು ಚಿತ್ರ ಮಾತ್ರ ಅದರಡಿ ಚಲಿಸಿದರೆ ದೋಷ ಕೊನೆಯ ಹಂತದಲ್ಲಿ, ಅಂದರೆ ಚಿತ್ರ ಹೊರಗೆ ಹೋಗುವ ದಾರಿಯಲ್ಲಿದೆ ಎಂದರ್ಥ. ಪಟ್ಟೆ ಪಾತ್ರಕ್ಕೇ ಅಂಟಿಕೊಂಡಿದ್ದರೆ ಚಿತ್ರ ಹುಟ್ಟುವ ಜಾಗದಲ್ಲೇ, ಇಪಿರೋಮಿನಲ್ಲೇ ತಪ್ಪಿದೆ. ಆಟ ಓಡುತ್ತಿದೆ, ಗುಂಡಿ ಒತ್ತಿದರೆ ಕೇಳುತ್ತದೆ ಎಂದ ಮೇಲೆ ಪ್ರೊಸೆಸರ್ ಮತ್ತು ಪ್ರೋಗ್ರಾಂ ಚಿಪ್ಪುಗಳು ಆರೋಗ್ಯವಾಗಿವೆ. ಅವುಗಳ ತಂಟೆಗೆ ಹೋಗಬೇಕಿಲ್ಲ.

ಪಟ್ಟೆಯ ಅಗಲವೂ ಮಾತನಾಡುತ್ತದೆ. ಈ ಆಟದ ಚಿತ್ರಗಳು ಬಹುಪಾಲು 16 ಬಿಂದು ಅಗಲ, 16 ಬಿಂದು ಎತ್ತರದ ತುಣುಕುಗಳಿಂದ ಆದವು. ಪ್ರತಿ ಬಿಂದುವಿನ ಬಣ್ಣಕ್ಕೆ 4 ಬಿಟ್. ನನ್ನ ಬೋರ್ಡಿನಲ್ಲಿ ಚಿತ್ರಗಳಿಗಾಗಿ ಎಂಟು ಇಪಿರೋಮ್‌ಗಳಿವೆ, ಒಂದೊಂದೂ 4 ಮೆಗಾಬಿಟ್‌ನ 27ಸಿ4001. ಒಂದು ಸಾಲಿನ 16 ಬಿಂದುಗಳಿಗೆ ಬೇಕಾದ 64 ಬಿಟ್‌ಗಳನ್ನು ಈ ಎಂಟು ಚಿಪ್ಪುಗಳು ತಲಾ 8ರಂತೆ ಕೊಡುತ್ತವೆ. ಹೀಗಾಗಿ ಒಂದು ಚಿಪ್ ಕೆಟ್ಟರೆ ತುಣುಕಿನ ಅರ್ಧಭಾಗದಲ್ಲಿ, 8 ಬಿಂದು ಅಗಲದ ಪಟ್ಟೆಯಲ್ಲಿ, ನಾಲ್ಕು ಬಿಟ್‌ಗಳ ಪೈಕಿ ಒಂದು ತಪ್ಪುತ್ತದೆ. ನನಗೆ ಕಾಣುತ್ತಿದ್ದದ್ದು ಸರಿಯಾಗಿ ಇದೇ. ಎಂಟರಲ್ಲಿ ಒಂದು ಚಿಪ್ ಎಂದು ಕಾಗದದ ಮೇಲೆಯೇ ಗೊತ್ತಾಯಿತು. ಯಾವುದು ಎಂದು ತಿಳಿಯಲು ಪವರ್ ಆರಿಸಿ ಒಂದೊಂದನ್ನೇ ಕಿತ್ತು, ಮತ್ತೆ ಪವರ್ ಹಾಕಿ ನೋಡಿದೆ. ಒಳ್ಳೆಯ ಚಿಪ್ ಕಿತ್ತಾಗ ಹೊಸ ಹಾನಿ ಕಾಣುತ್ತದೆ. ಕೆಟ್ಟದ್ದನ್ನು ಕಿತ್ತಾಗ ಹಳೆಯ ಪಟ್ಟೆಯೇ ಇನ್ನಷ್ಟು ಕೆಡುತ್ತದೆ, ಉಳಿದ ಕಡೆ ಏನೂ ಬದಲಾಗುವುದಿಲ್ಲ.

ಆ ಚಿಪ್ಪನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದೆ. ಉಳಿದ ಏಳರ ಮೇಲೂ ಬೆಳ್ಳಿ ಬಣ್ಣದ ಚೀಟಿ ಇತ್ತು. ಇದರ ಮೇಲೆ ಒಣಗಿ ಕಂದಾದ ಅಂಟಿನ ಚೌಕಟ್ಟು ಮಾತ್ರ. ದುಂಡನೆಯ ಗಾಜಿನ ಕಿಂಡಿಯೊಳಗೆ ಸಿಲಿಕಾನ್ ಬಿಲ್ಲೆ, ಅದರ ಅಂಚಿನಿಂದ ಹೊರಟ ಕೂದಲಿಗಿಂತ ತೆಳುವಾದ ತಂತಿಗಳು ಬರಿಗಣ್ಣಿಗೆ ಕಾಣುತ್ತಿದ್ದವು. ಕಾಲುಗಳು ಕಪ್ಪಗಾಗಿದ್ದವು. ಇಪಿರೋಮ್ ಅಳಿಸುವುದೇ ಆ ಕಿಂಡಿಯಿಂದ, ನೇರಳಾತೀತ ಬೆಳಕಿನಿಂದ. ನೇರ ಬಿಸಿಲಿನಲ್ಲಿ ಒಂದು ವಾರ ಇದ್ದರೆ ಅಳಿಸಿಹೋಗಬಹುದು ಎಂದು ತಯಾರಕರ ದತ್ತಾಂಶ ಹಾಳೆಗಳೇ ಎಚ್ಚರಿಸುತ್ತವೆ. ತಾರಸಿ ಕೋಣೆಯ ಕಿಟಕಿ ಕಟ್ಟೆ ನೆನಪಾಯಿತು. ಚೀಟಿ ಉದುರಿದ ಚಿಪ್ ಅಲ್ಲಿ ವರ್ಷಗಟ್ಟಲೆ ಬಿಸಿಲು ಕಂಡಿತ್ತು.

ಇಷ್ಟಾದ ಮೇಲೆ ಚಿಪ್ಪುಗಳನ್ನು ಓದುವ, ಬರೆಯುವ ಇಪಿರೋಮ್ ಪ್ರೋಗ್ರಾಮರ್ ಕೊಳ್ಳಲು ಮನಸ್ಸು ಮಾಡಿದೆ. ಟಿಎಲ್866 ಮಾದರಿಯ ಯಂತ್ರ, ಆರು ಸಾವಿರದ ಆಸುಪಾಸು. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಇದೇ. 27ಸಿ4001ಕ್ಕೆ ಬರೆಯಲು 12.75 ವೋಲ್ಟ್ ಸಾಕು, ಆದ್ದರಿಂದ ಇದು ನಡೆಯುತ್ತದೆ. 1980ರ ಸುಮಾರಿನ ಆಟಗಳಲ್ಲಿ ಬರುವ 2716ರಂಥವಕ್ಕೆ 25 ವೋಲ್ಟ್ ಬೇಕು. ಅಂಥ ಬೋರ್ಡ್ ಇದ್ದವರು ಕೊಳ್ಳುವ ಮೊದಲು ವಿಚಾರಿಸಬೇಕು.

ಕಾಲುಗಳನ್ನು ಉಜ್ಜಿ ಎಂಟೂ ಚಿಪ್ಪುಗಳನ್ನು ಓದಿದೆ. ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಎಂಬ ಎಮ್ಯುಲೇಟರ್ ಯೋಜನೆ 1997ರಿಂದ ನಡೆಯುತ್ತಿದೆ. ಅವರು ತಮಗೆ ಸಿಕ್ಕ ಆಟಗಳ ಚಿಪ್ಪುಗಳ ಸಿಆರ್‌ಸಿ ಸಂಖ್ಯೆಯನ್ನು, ಅಂದರೆ ದತ್ತಾಂಶ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆಯನ್ನು, ದಾಖಲಿಸಿಟ್ಟಿದ್ದಾರೆ. ನಕಲಿಗಳಲ್ಲೂ ಹಲವು ಬಗೆಗಳ ಪಟ್ಟಿ ಅಲ್ಲಿದೆ. ನನ್ನ ಏಳು ಚಿಪ್ಪುಗಳು ಒಂದು ಬಗೆಗೆ ಕರಾರುವಾಕ್ಕಾಗಿ ಹೊಂದಿದವು. ಎಂಟನೆಯದು ಹೊಂದಲಿಲ್ಲ, ಅಷ್ಟೇ ಅಲ್ಲ, ಪ್ರತಿ ಸಲ ಓದಿದಾಗಲೂ ಬೇರೆ ಸಂಖ್ಯೆ ಕೊಟ್ಟಿತು. ಓದುವ ವೋಲ್ಟೇಜನ್ನು ಸ್ವಲ್ಪ ಇಳಿಸಿದಾಗ ವ್ಯತ್ಯಾಸ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಮಸುಕಾದ ಚಿಪ್ಪುಗಳಿಗೆ ಈ ಉಪಾಯ ಮಾಡಿ ನೋಡಿ, ಕೆಲವೊಮ್ಮೆ ಮೂಲ ದತ್ತಾಂಶ ಪೂರ್ತಿ ಕೈಗೆ ಬರುತ್ತದೆ. ನನಗೆ ಬರಲಿಲ್ಲ. ಹಾಗಾಗಿ ಇದೇ ಬಗೆಯ ಇನ್ನೊಂದು ಬೋರ್ಡ್ ಹುಡುಕಬೇಕಾಯಿತು.

ಮಾವನೇ ದಾರಿ ತೋರಿಸಿದರು. ಕೋಲಾರದಲ್ಲಿ ಆ ಕಾಲದಲ್ಲಿ ಅಂಗಡಿಗಳಿಗೆ ಬೋರ್ಡ್ ಒದಗಿಸುತ್ತಿದ್ದ ಒಬ್ಬ ಹಿರಿಯರು ಈಗ ಮೈಕ್ ಸೆಟ್ಟು, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿದ್ದಾರೆ. ಫೋನ್ ಮಾಡಿದಾಗ ಅವರಿಗೆ ನನ್ನ ಮೇಲೆ ನಂಬಿಕೆ ಬರಲಿಲ್ಲ. ಬೋರ್ಡ್ ಕೊಳ್ಳುವ ನೆಪದಲ್ಲಿ ಗುಜರಿಯವರು ಪದೇ ಪದೇ ಕರೆ ಮಾಡುತ್ತಾರಂತೆ. ಮಾವ ಮಾತನಾಡಿದ ಮೇಲೆಯೇ ಬರಹೇಳಿದರು. ತುಮಕೂರಿನಿಂದ ಬೆಂಗಳೂರು, ಅಲ್ಲಿಂದ ಬಸ್ ಬದಲಿಸಿ ಕೋಲಾರ. ಲ್ಯಾಪ್‌ಟಾಪ್, ಪ್ರೋಗ್ರಾಮರ್ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಹೋದೆ. ಅವರ ಅಂಗಡಿಯಲ್ಲಿ ಹಾಡುವ ಡಬ್ಬಗಳ ನಡುವೆ ಗೋಣಿಚೀಲದಲ್ಲಿ ಸುತ್ತಿದ ನಾಲ್ಕಾರು ಬೋರ್ಡುಗಳಿದ್ದವು. ಮೂರನೆಯದು ನನ್ನದರ ಅವಳಿ. “ಕಿತ್ತ ಜಾಗಕ್ಕೇ ಮತ್ತೆ ಹಾಕಬೇಕಪ್ಪಾ, ಅರ್ಧಚಂದ್ರದ ಗುರುತು ನೋಡಿಕೋ” ಎಂದು ಪಕ್ಕದಲ್ಲೇ ನಿಂತರು. ಓದಿದೆ, ಸಂಖ್ಯೆ ಹೊಂದಿತು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ತಮ್ಮ ಬೋರ್ಡುಗಳ ಚಿಪ್ಪುಗಳನ್ನೂ ಓದಿ ಒಂದು ಪೆನ್ ಡ್ರೈವ್‌ನಲ್ಲಿ ಹಾಕಿಕೊಡಲು ಕೇಳಿದರು. ಸಂಜೆಯವರೆಗೂ ಕುಳಿತು ಆ ಕೆಲಸ ಮುಗಿಸಿದೆ, ಈ ಇಡೀ ಪ್ರಯಾಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಹೊತ್ತು ಅದು.

ಮನೆಗೆ ಬಂದು ಎರಡೂ ಫೈಲುಗಳನ್ನು ಹೋಲಿಸಿದೆ. ವ್ಯತ್ಯಾಸವಿದ್ದ ಕಡೆಯಲ್ಲೆಲ್ಲ 0 ಇದ್ದದ್ದು 1 ಆಗಿತ್ತು, ಒಂದು ಕಡೆಯೂ 1 ಇದ್ದದ್ದು 0 ಆಗಿರಲಿಲ್ಲ. ಇಪಿರೋಮ್ ಅಳಿದಾಗ ಎಲ್ಲವೂ 1 ಆಗುತ್ತದೆ. ಬಿಸಿಲೇ ಕಾರಣ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೊಸ ಚಿಪ್ಪುಗಳಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದೆ, ನಾನು ಹೋದ ದಿನ ಸಿಗಲಿಲ್ಲ. ವಿದೇಶದಿಂದ ತರಿಸಿದೆ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿತು. ಸಾಗಣೆಯವರು ಕೆವೈಸಿ ಕೇಳಿದರು. ಗುರುತಿನ ಚೀಟಿಯ ಪ್ರತಿ, ಖರೀದಿಯ ರಸೀದಿ ಕಳುಹಿಸಿದೆ. ಗುರುತಿನ ಚೀಟಿಯಲ್ಲಿರುವ ಹೆಸರೂ ಪಾರ್ಸೆಲ್ ಮೇಲಿನ ಹೆಸರೂ ಅಕ್ಷರಶಃ ಒಂದೇ ಇರಲಿ. ನನ್ನದರಲ್ಲಿ ಇನಿಷಿಯಲ್ ಬಿಟ್ಟುಹೋಗಿತ್ತೆಂದು ಮತ್ತೊಂದಿಷ್ಟು ಕಾಯಬೇಕಾಯಿತು. ಸುಂಕ ಕಟ್ಟಿ ಬಿಡಿಸಿಕೊಂಡರೆ ಬಂದವು ಹೊಸವಲ್ಲ. ಯಾವುದೋ ಯಂತ್ರದಿಂದ ಕಿತ್ತು, ಕಾಲು ನೇರ ಮಾಡಿ, ಮೇಲೆ ಹೊಸ ಅಕ್ಷರ ಅಚ್ಚೊತ್ತಿದ್ದವು. ಒಳಗೆ ಹಳೆಯ ದತ್ತಾಂಶವೂ ಇತ್ತು. ಅಳಿಸುವ ನೇರಳಾತೀತ ದೀಪದ ಡಬ್ಬಕ್ಕೆ ಇನ್ನೂ ಎರಡು ಸಾವಿರದಷ್ಟು ಖರ್ಚಾಯಿತು. ಆ ಬೆಳಕನ್ನು ಕಣ್ಣಿನಿಂದ ನೋಡಲೇಬಾರದು. ಅಳಿಸಿದ ಮೇಲೂ ಕೆಲವು ಚಿಪ್ಪುಗಳು ಬರೆಸಿಕೊಳ್ಳಲಿಲ್ಲ. ಆದ್ದರಿಂದ ಒಂದು ಬೇಕಿದ್ದರೆ ಐದಾರು ತರಿಸುವುದು ವಾಸಿ. 27ಸಿ040 ಎಂಬ ಹೆಸರಿನವೂ ಇದೇ ಜಾಗದಲ್ಲಿ ಕೂರುತ್ತವೆ.

ಚೆನ್ನಾಗಿ ಬರೆಸಿಕೊಂಡ ಒಂದನ್ನು ಸಾಕೆಟ್ಟಿಗೆ ಒತ್ತಿದೆ. ಪಟ್ಟೆ ಹೋಯಿತು.

ಇಷ್ಟೆಲ್ಲ ಕಾಯದೆ ಮಾಡಬಹುದಾದ ಒಂದು ಕೆಲಸವಿದೆ, ಮುಂದಿನವರು ಅದನ್ನೇ ಮೊದಲು ಮಾಡಲಿ. ಇಪಿರೋಮಿಗೆ ಬರೆಯುವುದೆಂದರೆ 1ನ್ನು 0 ಮಾಡುವುದು. ಬಿಸಿಲಿಗೆ ಮಸುಕಾದ ಚಿಪ್ಪಿನಲ್ಲಿ ಆಗಿರುವುದು ಇದರ ವಿರುದ್ಧ. ಅಂದಮೇಲೆ ಅಳಿಸದೆಯೇ, ಖಾಲಿ ಇದೆಯೇ ಎಂದು ಪರೀಕ್ಷಿಸುವ ಆಯ್ಕೆಯನ್ನು ಆಫ್ ಮಾಡಿಟ್ಟು, ಅದೇ ಚಿಪ್ಪಿನ ಮೇಲೆ ಸರಿಯಾದ ದತ್ತಾಂಶವನ್ನು ಮತ್ತೊಮ್ಮೆ ಬರೆಯಬಹುದು. ಮಾವನ ಹಳೆಯ ಚಿಪ್ಪಿಗೆ ಹೀಗೆ ಮಾಡಿದೆ. ಎಷ್ಟು ಸಲ ಓದಿದರೂ ಈಗ ಒಂದೇ ಸಂಖ್ಯೆ ಕೊಡುತ್ತಿದೆ.

ಪಟ್ಟೆಗಳ ಗದ್ದಲ ಹೋದ ಮೇಲೆ ಅದರ ಹಿಂದೆ ಅಡಗಿದ್ದ ಎರಡನೆಯ ದೋಷ ಕಾಣಿಸಿತು. ಹಿನ್ನೆಲೆ ಸ್ವಚ್ಛವಾಗಿದೆ, ಅಂಕಿಗಳು ಸ್ವಚ್ಛವಾಗಿವೆ, ಆದರೆ ನಡೆದಾಡುವ ಪಾತ್ರಗಳ ಬಣ್ಣ ಮಾತ್ರ ತಪ್ಪು. ಚಿತ್ರಗಳೆಲ್ಲ ಒಂದೇ ಇಪಿರೋಮ್‌ಗಳಿಂದ ಬರುವಾಗ ಪಾತ್ರಗಳು ಮಾತ್ರ ಕೆಟ್ಟಿದ್ದರೆ, ಪಾತ್ರಗಳ ಬಿಂದುಗಳು ಪರದೆಗೆ ಹೋಗುವ ಮುನ್ನ ತಂಗುವ ರ್ಯಾಮ್ ಮೇಲೆ ಕಣ್ಣಿಡಬೇಕು. ಲಾಜಿಕ್ ಪ್ರೋಬ್ ಎಂಬ ಪೆನ್ನಿನಂಥ ಸಾಧನದಿಂದ ಆ ರ್ಯಾಮ್‌ಗಳ ದತ್ತಾಂಶದ ಕಾಲುಗಳನ್ನು ಮುಟ್ಟುತ್ತಾ ಹೋದೆ. ಎಲ್ಲ ಕಾಲುಗಳಲ್ಲೂ ಮಿಡಿತ, ಒಂದು ಕಾಲಿನಲ್ಲಿ ಮಾತ್ರ ಮೌನ, ಸದಾ ಸೊನ್ನೆ. ಪವರ್ ಆರಿಸಿ ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ ಗ್ರೌಂಡಿನಿಂದ ಅಳೆದರೆ ಪಕ್ಕದ ಕಾಲುಗಳು ಅರ್ಧ ವೋಲ್ಟಿಗೂ ಮೇಲೆ, ಇದು ಹೆಚ್ಚುಕಡಿಮೆ ಸೊನ್ನೆ.

ಒಂದೇ ತಂತಿಯಲ್ಲಿ ಹಲವು ಚಿಪ್ಪುಗಳು ಕೂಡುವುದರಿಂದ ಎಳೆದು ಕೆಡವುತ್ತಿರುವುದು ರ್ಯಾಮೋ, ಪಕ್ಕದ ಚಿಪ್ಪೋ ಎಂದು ಹೇಳಲಾಗುವುದಿಲ್ಲ. ಸಣ್ಣ ಕಟ್ಟರಿನಿಂದ ಆ ಒಂದು ಕಾಲನ್ನು ಮಾತ್ರ ಚಿಪ್ಪಿನ ಮೈಗೆ ಹತ್ತಿರ ಕತ್ತರಿಸಿ ಮತ್ತೆ ಅಳೆದೆ. ಬೋರ್ಡಿನ ಕಡೆ ಸರಿಯಾಯಿತು, ಚಿಪ್ಪಿನ ಕಡೆ ಉಳಿದ ಮೋಟು ಇನ್ನೂ ಸೊನ್ನೆ. ಸಂದೇಹ ತೀರಿತು. ಉಳಿದ ಕಾಲುಗಳನ್ನೂ ಕತ್ತರಿಸಿ, ಮೈಯನ್ನು ಎತ್ತಿ ಹಾಕಿ, ಒಂದೊಂದು ಮೋಟನ್ನೂ ಬೆಸುಗೆ ಕರಗಿಸಿ ಹೊರತೆಗೆದೆ. ಚಿಪ್ಪನ್ನು ಇಡಿಯಾಗಿ ಉಳಿಸಿಕೊಳ್ಳುವ ಆಸೆ ಇಲ್ಲಿ ಬೇಡ. ತೂತುಗಳ ಸುತ್ತಲಿನ ತಾಮ್ರ ಕಿತ್ತುಬಂದರೆ ಆ ನಷ್ಟ ತುಂಬಲಾಗದು.

28 ಕಾಲಿನ, ಕಿರಿದಾದ ಮೈಯ, ವೇಗದ ಆ 32ಕೆ ರ್ಯಾಮ್ ಸಿಕ್ಕಿದ್ದು ಬೆಂಗಳೂರಿನಲ್ಲಲ್ಲ, ತುಮಕೂರಿನಲ್ಲೇ. 486 ಕಂಪ್ಯೂಟರುಗಳ ಮದರ್‌ಬೋರ್ಡಿನಲ್ಲಿ ಕ್ಯಾಶ್ (ಪ್ರೊಸೆಸರಿಗೆ ನೆರವಾಗುವ ವೇಗದ ನೆನಪು) ಆಗಿ ಇದೇ ಜಾತಿಯ ಚಿಪ್ಪುಗಳು ಸಾಕೆಟ್ಟಿನಲ್ಲಿ ಕುಳಿತಿರುತ್ತವೆ. ಮಂಡಿಪೇಟೆಯ ಕಡೆ ಹಳೆಯ ಕಂಪ್ಯೂಟರ್ ಕೊಳ್ಳುವವರ ರಾಶಿಯಲ್ಲಿ ಅಂಥದೊಂದು ಮದರ್‌ಬೋರ್ಡ್ ಕಂಡಿತು, ಇನ್ನೂರು ರೂಪಾಯಿಗೆ ಕೊಟ್ಟರು. ಚಿಪ್ಪಿನ ಮೇಲೆ ಅಡ್ಡಗೆರೆಯ ನಂತರ ಬರುವ ಅಂಕಿ ಅದರ ವೇಗ, ನ್ಯಾನೋಸೆಕೆಂಡುಗಳಲ್ಲಿ. ಅದು ಮೂಲ ಚಿಪ್ಪಿನಷ್ಟೇ ಇರಬೇಕು ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಆ ಕಾಲದ ಕೆಲವು ಅಗ್ಗದ ಮದರ್‌ಬೋರ್ಡುಗಳಲ್ಲಿ ಒಳಗೆ ಏನೂ ಇಲ್ಲದ ಬರೀ ಪ್ಲಾಸ್ಟಿಕ್ ಕ್ಯಾಶ್ ಚಿಪ್ಪುಗಳನ್ನು ಕೂರಿಸುತ್ತಿದ್ದುದೂ ಉಂಟು, ಪ್ರೋಗ್ರಾಮರಿನ ರ್ಯಾಮ್ ಪರೀಕ್ಷೆಯಲ್ಲಿ ಪಾಸಾದದ್ದನ್ನೇ ಹಾಕಿ. ಸಾಕೆಟ್ ಬೆಸೆದು ಚಿಪ್ ಕೂರಿಸಿ ಸ್ವಿಚ್ ಒತ್ತಿದಾಗ ಪಾತ್ರಗಳಿಗೆ ಅವುಗಳ ಬಣ್ಣ ಮರಳಿತ್ತು.

ಒಟ್ಟು ಖರ್ಚು, ಉಪಕರಣಗಳೂ ಸೇರಿ, ಹನ್ನೆರಡು ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಬೋರ್ಡಿಗೆ ನಿಜವಾಗಿ ಸೇರಿದ್ದು ಒಂದು ಇಪಿರೋಮ್, ಒಂದು ರ್ಯಾಮ್, ಒಂದು ಸಾಕೆಟ್ ಮಾತ್ರ. ಪ್ರೋಗ್ರಾಮರನ್ನು ಯಾರಿಂದಲಾದರೂ ಎರವಲು ಪಡೆಯುವಂತಿದ್ದರೆ ಅರ್ಧ ಭಾರ ಇಳಿಯುತ್ತದೆ. ಕೊನೆಯದಾಗಿ ಎಲ್ಲ ಇಪಿರೋಮ್ ಕಿಂಡಿಗಳಿಗೂ ಬೆಳಕು ತೂರದ ಅಲ್ಯೂಮಿನಿಯಂ ಟೇಪ್ ಅಂಟಿಸಿದೆ. ಅದು ಲೋಹವಾದ್ದರಿಂದ ಕಾಲುಗಳಿಗೆ ತಾಗದಂತೆ ಕಿಂಡಿಯಷ್ಟೇ ಕತ್ತರಿಸಬೇಕು. ಪಾರದರ್ಶಕ ಟೇಪ್ ಪ್ರಯೋಜನವಿಲ್ಲ.

ಮಾವ ಬಂದು ಮೊದಲ ಹಂತ ಮುಗಿಸುವವರೆಗೂ ಎದ್ದೇಳಲಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ, “ಮೂರನೆಯವನ ಹಿಡಿಕೆ ಎಲ್ಲಿ? ಇದು ಮೂರು ಜನ ಆಡುವ ಆಟ.” ಜಾಮಾ ಅಂಚಿನಲ್ಲಿ ಇಬ್ಬರಿಗಷ್ಟೇ ಜಾಗ. ಮೂರನೆಯ ಆಟಗಾರನ ತಂತಿಗಳು ಬೋರ್ಡಿನ ಮೇಲಿನ ಬೇರೆ ಕನೆಕ್ಟರಿನಿಂದ ಬರಬೇಕು, ಅದರ ಯಾವ ಕಾಲು ಯಾವ ಗುಂಡಿಗೆ ಎಂದು ಈಗ ಒಂದೊಂದಾಗಿ ಹುಡುಕಿ ಬರೆದುಕೊಳ್ಳುತ್ತಿದ್ದೇನೆ.